ಲಾವಂಚದೊಳಗಿನ ದಾರ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಕೂಲಿಗೆ ಹುಲ್ಲು ಕೊಯ್ದವರ ಮಗಳು, ವಡೋದರದ ಮಕರಪುರದ ಕಾರ್ಖಾನೆಯಲ್ಲಿ ಎಂಜಿನಿಯರಾಗಿ, ಬಾಡಿಗೆ ಮನೆಯ ಅಂಗಳದಲ್ಲಿ ಚೆಂದಕ್ಕೆಂದು ಹುಲ್ಲು ಬೆಳೆಸಿದೆ. ಫೋನಿನಲ್ಲಿ ಹೇಳಿದಾಗ ಅವ್ವ ನಕ್ಕಳು: "ಹುಲ್ಲು ಕೊಯ್ಯೂದು ತಪ್ಪಲಿ ಅಂತ ಓದಿಸಿದ್ರ, ನೀ ಹುಲ್ಲ ಬೆಳಸಾಕ ಹತ್ತೀಯೇನ?"

ಹಿಂದಿನ ಬಾಡಿಗೆಯವರ ಲಾನ್ ಏಪ್ರಿಲ್ ಬಿಸಿಲಿಗೇ ಸುಟ್ಟುಹೋಗಿತ್ತು. ನಾನು ಓದಿ ತಿಳಿದುಕೊಂಡು ಕಾಂಪೌಂಡಿನುದ್ದಕ್ಕೂ ಲಾವಂಚ ನೆಟ್ಟೆ. ಬೇರು ಬಿಡುವವರೆಗೆ ನೀರು ಹಾಕಿದ್ದಷ್ಟೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನೆತ್ತರ ಬೆಳೆದು ಗಾಳಿಗೆ ಬಾಗತೊಡಗಿತು. ಬೇಸಿಗೆಗೆ ಮುಂಚೆ ಕತ್ತರಿಸಬೇಕೆಂದು ಗೊತ್ತಿತ್ತು. ಉತ್ತರಾಯಣಕ್ಕೆ ಮುಂಚೆ ಕತ್ತರಿಸಬೇಕೆಂದು ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಸಂಕ್ರಾಂತಿಯೇ ಇಲ್ಲಿ ಉತ್ತರಾಯಣ; ಆ ಹಬ್ಬದಂದು ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ದಾರಕ್ಕೆ ಗಾಜಿನ ಪುಡಿ ಬಳಿದಿರುತ್ತಾರೆ. ಮಧ್ಯಾಹ್ನ ಒಂದು ಕೆಂಪು ಪಟ ನಮ್ಮ ಹುಲ್ಲಿಗೆ ಬಿತ್ತು. ನಾಲ್ಕು ವರ್ಷದ ಮಗಳು "ಮಮ್ಮಿ, ಪತಂಗ್!" ಎನ್ನುತ್ತ ಒಳಗೆ ನುಗ್ಗಿದಳು.

ಅವಳ ಕೂಗು ಬದಲಾಯಿತು. ಹುಲ್ಲು ಸರಿಸಿ ನೋಡಿದರೆ, ಪಟ ಹಿಡಿದು ಒಂದು ಸುತ್ತು ತಿರುಗಿದ್ದಳು. ದಾರ ಕೊರಳಿಗೆ ಬಿದ್ದಿತ್ತು. ಇನ್ನೊಂದು ತುದಿ ಪಕ್ಕದ ಮಾಳಿಗೆಯವರ ಕೈಯಲ್ಲಿ.

"ಬಿಡ್ರೀ! ಛೋಡೋ!" ಎಂದು ಕಿರುಚಿದೆ. ಹುಲ್ಲಿನ ಮರೆಯಲ್ಲಿ ಮಗು ಅವರಿಗೆ ಕಾಣಲಿಲ್ಲ. ಆ ದಿನ ಕೆಳಗೆ ನಿಂತು ಬಿಡಿ ಎನ್ನುವವರೆಲ್ಲ ಬಿದ್ದ ಪಟದ ದಾರ ದೋಚುವವರೇ.

"ಅರೇ, ಬೆನ್ ದೋರಿ ಲೂಟೇ ಛೇ!" ಅಕ್ಕ ದಾರ ದೋಚ್ತಿದ್ದಾಳೆ ಎಂದು ನಗುತ್ತ ಪಕ್ಕದ ಮನೆಯಾತ ಇನ್ನೂ ಜೋರಾಗಿ ಎಳೆದ.

ಲಾವಂಚದ ದಂಟುಗಳು ತುಂಡಾಗಿ ಬೀಳುತ್ತಿದ್ದವು. ಎರಡೂ ಕೈಯಿಂದ ದಾರ ಹಿಡಿದೆ. ಅಂಗೈ ಸೀಳಿತು. ನಾನು ಓದಿದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಪಟ ಹಾರಿಸುವವರು ದಾರ ಸಡಿಲಿಸಲು ಹೇಳುವ ಮಾತೊಂದೇ ಬಾಯಿಗೆ ಬಂತು.

"ಢೀಲ್! ಢೀಲ್ ಆಪೋ!"

ಮೇಲಿನ ಕೈ ಯೋಚಿಸಲಿಲ್ಲ. ರೂಢಿಯಿಂದಲೇ ಸಡಿಲವಾಯಿತು.

ದಾರ ಬಿಡಿಸಿ ಮಗಳನ್ನು ಹುಲ್ಲಿನಿಂದ ಮೇಲೆತ್ತಿದಾಗಲೇ ಮಾಳಿಗೆಯವನಿಗೆ ಅವಳು ಕಂಡದ್ದು. ಕೊರಳಲ್ಲಿ ಕೆಂಪು ಗೀರೊಂದೇ ಉಳಿದಿತ್ತು. ಆತ ಬರಿಗಾಲಲ್ಲಿ ಓಡಿ ಬಂದು, ಅದನ್ನು ನೋಡಿ, ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತ. ನಾನೂ ಅವನ ಪಕ್ಕದಲ್ಲೇ ಕೂತೆ.

ಈಗ ಪ್ರತಿ ವರ್ಷ ಹಬ್ಬಕ್ಕೆ ಮುಂಚೆಯೇ, ಊರಿಂದ ತಂದ ಅವ್ವನ ಕುಡಗೋಲಿನಿಂದ ಲಾವಂಚವನ್ನು ಮೊಣಕಾಲೆತ್ತರಕ್ಕೆ ಕೊಯ್ಯುತ್ತೇನೆ. ಈ ಸಲ ಮಗಳು, "ಮಮ್ಮಿ, ನಮ್ಮ ಘಾಸ್ ಟಕ್ಲಾ ಆಯ್ತಲ್ಲಾ!" ಎಂದು ಬೋಳು ಹುಲ್ಲು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಬುಡಗಳ ನಡುವೆ ಬೆರಳಾಡಿಸಿ ಹಳೆಯ ದಾರ ಹುಡುಕುತ್ತಿದ್ದೆ.