ಅಳುವ ಸುಂದರಿಗೆ ಪ್ಲಾಸ್ಟಿಕ್ ಹೊದಿಕೆ

ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಹಳೆಯ ಮೆಕ್ಸಿಕನ್ ಸಿನಿಮಾ ಒಂದನ್ನಾದರೂ ಪೂರ್ತಿ ನೋಡಿದ್ದೇನೆಯೇ ಎಂದರೆ ಅದೂ ಇಲ್ಲ. ಒಮ್ಮೆ ಹಟ ಹಿಡಿದು ನೋಡಲು ಕೂತವನು, ನಾಯಕಿ ಎರಡನೆಯ ಸಲ ಅಳುವಷ್ಟರಲ್ಲಿ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಆದರೆ ಆ ಸಿನಿಮಾಗಳ ಪೋಸ್ಟರ್ ಎಂದರೆ ನನಗೆ ಪ್ರಾಣ. ಹೋಟೆಲಿಗೆ ಹೋಗಿ ಮೆನು ಓದಿ ಹೊಟ್ಟೆ ತುಂಬಿಸಿಕೊಂಡು ಬರುವ ಗಿರಾಕಿ ಎಂದು ನನ್ನ ಹೆಂಡತಿ ವಿದ್ಯಾ ಹಂಗಿಸುತ್ತಾಳೆ. ಹಂಗಿಸಲಿ. ಮೆನು ಅಷ್ಟು ಚೆನ್ನಾಗಿದ್ದರೆ ಓದುವುದರಲ್ಲಿ ತಪ್ಪೇನು?

ಈ ಹುಚ್ಚು ಹಿಡಿಸಿದವನು ರಾಮೀರೊ. ಅಮೆರಿಕದ ಆಸ್ಟಿನ್‌ನ ನಮ್ಮ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ನನ್ನ ಪಕ್ಕದ ಮೇಜಿನವನು. ಅವನ ತಾತ ಹ್ಯೂಸ್ಟನ್‌ನಲ್ಲಿ ಸ್ಪ್ಯಾನಿಷ್ ಸಿನಿಮಾ ತೋರಿಸುವ ಪುಟ್ಟ ಟಾಕೀಸು ನಡೆಸುತ್ತಿದ್ದರಂತೆ. ಅದೀಗ ಟೈರ್ ಅಂಗಡಿಯಾಗಿದೆ. ರಾಮೀರೊನ ಮೇಜಿನ ಹಿಂದೆ ಒಂದು ಪೋಸ್ಟರ್ ತೂಗುತ್ತದೆ. ಅದರಲ್ಲಿ ಹಸಿರು ಮುಖವಾಡದ ಕುಸ್ತಿಪಟುವೊಬ್ಬ ಸೂಟು ಹಾಕಿಕೊಂಡು ಎದ್ದು ಬಂದ ಮಮ್ಮಿ ಹೆಣವೊಂದರ ಕತ್ತು ಹಿಸುಕುತ್ತಿದ್ದಾನೆ. ಸೂಟಿನ ಜೊತೆಗೆ ಟೈ ಕೂಡ ಇದೆ. ಹೆಣದ ಜೊತೆ ಗುದ್ದಾಡುವುದಕ್ಕೂ ಟೈ ಕಟ್ಟಿಕೊಂಡು ಹೋಗುವ ಆ ಶಿಸ್ತು ನನಗೆ ಬಹಳ ಹಿಡಿಸಿತು. ನಾನು ಬಾಸ್ ಜೊತೆಗಿನ ಮೀಟಿಂಗಿಗೂ ಟೀಶರ್ಟಿನಲ್ಲಿ ಹೋಗುವವನು.

ಆ ಕಾಲದ ಸಿನಿಮಾಗಳು ಬಹುಮಟ್ಟಿಗೆ ಕಪ್ಪು ಬಿಳುಪು. ಪೋಸ್ಟರಿನಲ್ಲಿ ಮಾತ್ರ ಆಕಾಶ ಕಿತ್ತಳೆ, ಗೌನು ಕೆಂಪು, ಖಳನ ಮುಖ ಹಸಿರು. ಬಣ್ಣ ನೋಡಿ ಟಿಕೆಟ್ ಕೊಂಡವರು ಒಳಗೆ ಹೋಗಿ ಬೂದು ನೋಡಿ ಬರುತ್ತಿದ್ದರು, ಯಾರೂ ದುಡ್ಡು ವಾಪಸ್ ಕೇಳಿದಂತಿಲ್ಲ. ಪೋಸ್ಟರ್ ಬರೆದ ಕಲಾವಿದರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸೋತು ದೇಶ ಬಿಟ್ಟು ಬಂದವರೂ ಇದ್ದರು. ಸಿನಿಮಾ ನೋಡದೆ, ಒಂದೆರಡು ಫೋಟೊ ಮುಂದಿಟ್ಟುಕೊಂಡು ಬರೆದದ್ದೂ ಉಂಟು ಎನ್ನುತ್ತಾನೆ ರಾಮೀರೊ. ಅಂದರೆ ಬರೆದವನೂ ನೋಡಿಲ್ಲ, ನಾನೂ ನೋಡಿಲ್ಲ. ನಮ್ಮಿಬ್ಬರ ನಡುವೆ ಸಿನಿಮಾ ಅಡ್ಡ ಬಂದಿಲ್ಲ.

ಇಷ್ಟಾಗಿ, ಇವೆಲ್ಲ ಉಳಿಯಲೆಂದು ಮಾಡಿದವೇ ಅಲ್ಲ. ಅಗ್ಗದ ಕಾಗದದ ಮೇಲೆ ಅಚ್ಚು ಹಾಕಿ, ನಾಲ್ಕಾಗಿ ಎಂಟಾಗಿ ಮಡಚಿ, ಮೆಕ್ಸಿಕೊದಿಂದ ಇಲ್ಲಿನ ಟಾಕೀಸುಗಳಿಗೆ ಕಳಿಸುತ್ತಿದ್ದರು. ಸಿನಿಮಾ ಎತ್ತಿದ ದಿನ ಪೋಸ್ಟರಿನ ಆಯುಸ್ಸೂ ಮುಗಿಯಿತು. ನಮ್ಮ ಮೈಸೂರಿನಲ್ಲೂ ಇದೇ ಕಥೆ. ಮೈದಾ ಅಂಟಿನ ರುಚಿ ಹತ್ತಿದ ಹಸುವೊಂದು ಗೋಡೆಯ ನಾಯಕನನ್ನು ಮೀಸೆಯಿಂದ ಶುರುಮಾಡಿ ತಿನ್ನುವುದನ್ನು ನಾನೇ ನಿಂತು ನೋಡಿದ್ದೇನೆ. ಹಾಗೆ ಹಸುವಿಗೂ ಮಳೆಗೂ ಸಿಗದೆ ಉಳಿದ ನಾಲ್ಕಾರು ಹಾಳೆಗಳಿಗೆ ಈಗ ಪೂಜೆ ನಡೆಯುತ್ತದೆ. ರಾಮೀರೊ ನನಗೆ ನೇಮಗಳನ್ನು ಕಲಿಸಿದ. ಒದ್ದೆ ಕೈಯಲ್ಲಿ ಮುಟ್ಟಬಾರದು, ಟೇಪ್ ಹಚ್ಚಬಾರದು, ಬಿಸಿಲು ತೋರಿಸಬಾರದು, ಬಿಸಿ ತಾಗಿಸುವ ಮಾತಂತೂ ಆಡಲೇಬಾರದು. ನಮ್ಮಜ್ಜಿಯ ಮಡಿ ಇದಕ್ಕಿಂತ ಸಡಿಲವಾಗಿತ್ತು.

ನನ್ನದೇ ಒಂದು ಪೋಸ್ಟರ್ ಸಿಕ್ಕಿದ್ದು ಡಾಲಸ್‌ನ ಹಳೆ ಸಾಮಾನಿನ ಸಂತೆಯಲ್ಲಿ. ಕೆಂಪು ಗೌನಿನ ಸುಂದರಿ, ಕೆನ್ನೆಯ ಮೇಲೆ ದ್ರಾಕ್ಷಿ ಗಾತ್ರದ ಒಂದೇ ಹನಿ ಕಣ್ಣೀರು, ಹಿಂದೆ ಹೊಗೆ ಬಿಡುತ್ತ ಹೊರಟ ರೈಲು. ರಾಮೀರೊ ಜೊತೆಗಿದ್ದು ಸ್ಪ್ಯಾನಿಷಿನಲ್ಲಿ ಚೌಕಾಸಿ ಮಾಡಿ ಕೊಡಿಸಿದ. ಮಡಿಕೆಗಳಲ್ಲಿ ಕಾಗದ ಬಿಡಲು ಶುರುವಾಗಿತ್ತು. ಹಿಂದೆ ಬಟ್ಟೆ ಅಂಟಿಸಿ ಗಟ್ಟಿ ಮಾಡುವವರು ಹ್ಯೂಸ್ಟನ್‌ನಲ್ಲಿದ್ದಾರೆ, ಅವರಿಗೇ ಕೊಡು, ಅಲ್ಲಿಯವರೆಗೆ ಬಿಚ್ಚಬೇಡ ಎಂದ. ನಾನು ಅದನ್ನು ಬೀರುವಿನಲ್ಲಿಟ್ಟು, ಈ ವೀಕೆಂಡ್ ಹೋಗೋಣ, ಮುಂದಿನ ವೀಕೆಂಡ್ ಹೋಗೋಣ ಎನ್ನುತ್ತ ಕಾಲ ತಳ್ಳಿದೆ.

ಇಲ್ಲಿ ನಮ್ಮ ಮಾವನವರ ಪ್ರವೇಶ. ಧಾರವಾಡದವರು, ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರ್ ಆಗಿದ್ದವರು. ಒಂದು ಕಾಲಕ್ಕೆ ಇಡೀ ತಾಲ್ಲೂಕಿನ ದೀಪ ಇವರ ಮಾತಿಗೆ ಹತ್ತಿ ಆರುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಆಸ್ಟಿನ್ ಪಕ್ಕದ ನಮ್ಮೂರು ಸೀಡರ್ ಪಾರ್ಕಿಗೆ, ನಮ್ಮ ಜೊತೆಗೇ ಇರಲು ಬಂದರು. ಬಂದ ವಾರವೇ ಬೆಳಿಗ್ಗೆ ಸೂರ್ಯನಿಗೆ ನೀರು ಬಿಡಲೆಂದು ಹಿಂಬಾಗಿಲು ತೆರೆದಾಗ ಮನೆಯ ಅಲಾರ್ಮ್ ಬೊಬ್ಬೆ ಹೊಡೆದು, ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತರು. ಅಂದಿನಿಂದ ಅವರು ಎಲ್ಲಕ್ಕೂ ಕೇಳತೊಡಗಿದರು. ಒಲೆ ಹಚ್ಚಲೇನ್ರಿ, ಟಿವಿ ಹಾಕಲೇನ್ರಿ, ಈ ಕಿಟಕಿ ತಗೀಬಹುದೇನ್ರಿ. ಅಳಿಯನಾದ ನನ್ನನ್ನೇ ಕೇಳುವರು, ಅದೂ ಎದ್ದು ನಿಂತು. ನನಗೆ ಸಂಕಟವಾಗುತ್ತಿತ್ತು. ಕೇಳಬೇಡಿ ಮಾವ ಎಂದರೆ, ಹಂಗಾದ್ರ ಕೇಳೂದಿಲ್ಲ ಬಿಡ್ರಿ ಎಂದು ಒಪ್ಪಿ, ಐದು ನಿಮಿಷಕ್ಕೆ ಫ್ಯಾನ್ ಹಾಕಲೇನ್ರಿ ಎನ್ನುವರು.

ನನ್ನ ಹುಟ್ಟುಹಬ್ಬದ ಸಂಜೆ ಆಫೀಸಿನಿಂದ ಬಂದಾಗ ಮಾವನವರು ಹೊಸ ಧೋತರ ಉಟ್ಟು ಹಾಲಿನಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಗೋಡೆಗೆ ಒರಗಿ ನನ್ನ ಸುಂದರಿ ನಿಂತಿದ್ದಳು. ಅಡಿಯಿಂದ ಮುಡಿಯವರೆಗೆ ಮಿರಮಿರ ಹೊಳೆಯುತ್ತಿದ್ದಳು. ಮಾವನವರು ಅವಳಿಗೆ ಲ್ಯಾಮಿನೇಷನ್ ಮಾಡಿಸಿದ್ದರು.

ಲ್ಯಾಮಿನೇಷನ್ ಎಂದರೆ ನಮಗೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಕುಲದೇವರ ಫೋಟೊಗೆ, ಸತ್ತ ಹಿರಿಯರಿಗೆ ನಾವು ಮಾಡುವ ಕೊನೆಯ ಮರ್ಯಾದೆ ಅದು. ಧಾರವಾಡದಿಂದ ಬರುವಾಗ ಮಾವನವರ ಸೂಟ್‌ಕೇಸಿನಲ್ಲಿ ರೈಲ್ವೆ ವೇಳಾಪಟ್ಟಿಯೂ ಲ್ಯಾಮಿನೇಟ್ ಆಗಿ ಬಂದಿತ್ತು. ಆದರೆ ಹಳೆಯ ಪೋಸ್ಟರಿಗೆ ಅದು ಮರಣದಂಡನೆ. ಬಿಸಿ ಯಂತ್ರದಲ್ಲಿ ಕರಗಿ ಕಾಗದಕ್ಕೆ ಕೂತ ಪ್ಲಾಸ್ಟಿಕ್ಕನ್ನು ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ.

ವಿದ್ಯಾ ಅವರನ್ನು ಪ್ರಿಂಟಿಂಗ್ ಅಂಗಡಿಯವರೆಗೆ ಡ್ರಾಪ್ ಮಾಡಿದ್ದಳಷ್ಟೆ. ಆಫೀಸಿನ ಕಾಲ್ ಒಂದರಲ್ಲಿ ಸಿಕ್ಕಿಕೊಂಡು ಕಾರಿನಲ್ಲೇ ಕೂತಿದ್ದರಿಂದ ಚೀಲದಲ್ಲಿ ಏನಿದೆ ಎಂದು ನೋಡಿರಲಿಲ್ಲ. ಮಾವನವರು ಒಬ್ಬರೇ ಒಳಗೆ ಹೋಗಿ, ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ ವಿವರಿಸಿ, ಕೈಸನ್ನೆ ಮಾಡಿ, ಕೆಲಸ ಮುಗಿಸಿಕೊಂಡು ಬಂದಿದ್ದರು.

"ಮಡಚಿದ್ದಲ್ಲೆಲ್ಲಾ ಹರಿಲಿಕ್ಕೆ ಹತ್ತಿತ್ರಿ ಅಳಿಯಂದ್ರ. ಇನ್ನ ನೂರು ವರ್ಷ ಇದಕ್ಕ ಏನೂ ಆಗೂದಿಲ್ಲ," ಎಂದರು.

ನಾನು ಚೆನ್ನಾಗಿದೆ ಮಾವ ಎಂದೆ. ಅಡುಗೆಮನೆಗೆ ಹೋದಾಗ ವಿದ್ಯಾ ಹಿಂದೆಯೇ ಬಂದಳು. ನನ್ನ ಪೋಸ್ಟರ್ ಪುರಾಣ ದಿನಾ ಕೇಳಿದವಳು, ಏನಾಗಿದೆ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಧಾರವಾಡದ ಮಾತು ಅವಳಿಗೆ ಬರುವುದು ಅಪ್ಪನ ಜೊತೆ, ಇಲ್ಲವೇ ತೀರ ಮನಸ್ಸಿಗೆ ಹತ್ತಿದಾಗ.

"ಅಪ್ಪಗ ಮಾತ್ರ ಹೇಳಬ್ಯಾಡ್ರಿ. ಇಲ್ಲಿಗೆ ಬಂದ ಮ್ಯಾಲೆ ಯಾರನ್ನೂ ಕೇಳದ ಮಾಡಿದ್ದು ಇದೊಂದ ಕೆಲಸ."

ಅದು ನನಗೂ ತಿಳಿದಿತ್ತು. ಸಿಟ್ಟು ಬಂದಿತ್ತು, ಸುಳ್ಳೇಕೆ. ಆದರೆ ಹೇಳಿದರೆ ನಾಳೆಯಿಂದ ಅವರು ನೀರು ಕುಡಿಯುವುದಕ್ಕೂ ಕೇಳುತ್ತಾರೆ. ಸುಂದರಿ ಹೇಗೂ ಹೋದಳು, ಮಾವನವರನ್ನಾದರೂ ಉಳಿಸಿಕೊಳ್ಳಬೇಕಿತ್ತು. ಅಳುವ ಹೆಂಗಸಿನ ಚಿತ್ರ ಮನೆಗೆ ಒಳ್ಳೆಯದಲ್ಲ ಎಂದು ಮೊದಲು ಹಾಲಿನಲ್ಲಿ ಜಾಗ ಕೊಡದಿದ್ದ ವಿದ್ಯಾಳೇ ಈಗ ಮೊಳೆ ಹೊಡೆದು ಊಟದ ಮೇಜಿನ ಎದುರಿಗೆ ಅವಳನ್ನು ತೂಗುಹಾಕಿದಳು.

ಉಳಿದ ಕಂಟಕ ರಾಮೀರೊ. ಅವನು ಊಟಕ್ಕೆ ಬರುವ ಭಾನುವಾರ ಮೊದಲೇ ನಿಗದಿಯಾಗಿತ್ತು. ಟೇಪ್ ಹಚ್ಚಿದ ಪೋಸ್ಟರ್ ಕಂಡರೂ ಬೈಯುವ ಮನುಷ್ಯ. ಮೊದಲೇ ಫೋನ್ ಮಾಡಿ ಹೇಳಿಬಿಡೋಣವೆಂದು ಎರಡು ಸಲ ಕೈಗೆತ್ತಿಕೊಂಡೆ. ಹೇಳುವ ಧೈರ್ಯ ಬರಲಿಲ್ಲ. ಪೋಸ್ಟರನ್ನೇ ಮಹಡಿಗೆ ಸಾಗಿಸಲು ಹೋದರೆ ಮಾವನವರು ಅದನ್ನು ಆಗತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ರಾಮೀರೊ ಬಂದ, ನೋಡಿದ, ನಿಂತ. ಅವನ ಕುತ್ತಿಗೆ ಕೆಂಪಗಾದದ್ದು ನನಗೆ ಕಂಡಿತು. ಮಾವನವರು ಎದ್ದು, ಇದನ್ನು ಮಾಡಿಸಿದ್ದು ತಾನೇ ಎಂದು ಇಂಗ್ಲಿಷಿನಲ್ಲಿ ಹೇಳಿ, ಬೆರಳಿನಿಂದ ಸುಂದರಿಯ ಕೆನ್ನೆಯನ್ನು ಟಕಟಕ ಬಡಿದು ತೋರಿಸಿದರು. ನಾನು ಅವರ ಬೆನ್ನ ಹಿಂದೆ ನಿಂತು ರಾಮೀರೊಗೆ ಕೈ ಮುಗಿದೆ. ಅವನು ನನ್ನನ್ನು ನೋಡಿದ, ಆಮೇಲೆ ಮಾವನವರ ಮುಖ ನೋಡಿದ. ತನ್ನ ಅಜ್ಜಿಯ ಮನೆಯಲ್ಲಿ ಸೋಫಾಗೆ ಜೀವನಪೂರ್ತಿ ಪ್ಲಾಸ್ಟಿಕ್ ಕವರ್ ಇತ್ತು, ಬೇಸಿಗೆಯಲ್ಲಿ ತೊಡೆ ಅಂಟಿಕೊಳ್ಳುತ್ತಿತ್ತು, ಮೇರಿ ಮಾತೆಯ ಪಟಕ್ಕೂ ಪ್ಲಾಸ್ಟಿಕ್ ಹಾಕಿಸಿದ್ದಳು ಎಂದ. ನಮ್ಮ ಮನೆಯ ಟಿವಿ ರಿಮೋಟ್ ಮೇಲೆ ಇರುವ ಪ್ಲಾಸ್ಟಿಕ್ಕನ್ನು ಮಾವನವರು ತೋರಿಸಿದರು. ಇಬ್ಬರೂ ನಕ್ಕರು. ಊಟದ ಹೊತ್ತಿನಲ್ಲಿ ಸಾರು ಚೆಲ್ಲಿ ಸುಂದರಿಯ ರೈಲಿಗೆ ಸಿಡಿಯಿತು, ಮಾವನವರು ಒರೆಸಿದರು, ಹೋಯಿತು. ರಾಮೀರೊ ಅದನ್ನೇ ನೋಡುತ್ತಿದ್ದ.

ಮರುವಾರ ಅವನು ಹೇಳದೆ ಕೇಳದೆ ಒಂದು ರಟ್ಟಿನ ಕವರ್ ಹಿಡಿದು ಬಂದ. ಒಳಗೆ ಅರ್ಧ ಪೋಸ್ಟರ್. ತಾತನ ಟಾಕೀಸಿನದು, ಉಳಿದದ್ದು ಅದೊಂದೇ. ಮೇಲಿನ ಅರ್ಧ ಹರಿದುಹೋಗಿದೆ. ಒಂದು ಗೌನಿನ ಅಂಚು, ಕುದುರೆಯ ಗೊರಸುಗಳು, ಕೆಳಗೆ ತಾತ ಬ್ರಷ್ಷಿನಲ್ಲಿ ಬರೆದ ಆಟದ ವೇಳೆ. ಇಷ್ಟು ವರ್ಷ ಅದನ್ನು ಡ್ರಾಯರಿನಲ್ಲಿ ಕಾಪಾಡಿದ್ದನಂತೆ. ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿರುವ ಅವನಮ್ಮ ಬಂದಾಗಲೆಲ್ಲ ತೋರಿಸು ಎನ್ನುವರು, ಅವನು ಕೈ ತಾಗಿಸಬೇಡ ಎನ್ನುವನು, ಅವರು ದೂರದಿಂದ ನೋಡಿ ಸುಮ್ಮನಾಗುವರು. ಈಗ ಅದನ್ನು ಅಮ್ಮನ ಅಡುಗೆಮನೆಯ ಗೋಡೆಗೆ ಹಾಕಬೇಕು, ಆ ಅಂಗಡಿ ಎಲ್ಲಿದೆ ಎಂದು ಕೇಳಿದ.

ಕೇಳಿದ್ದು ನನ್ನನ್ನಲ್ಲ, ಮಾವನವರನ್ನು. ಅವರು ಕನ್ನಡಕ ಹಾಕಿಕೊಂಡು ಅರ್ಧ ಪೋಸ್ಟರನ್ನು ಬೆಳಕಿಗೆ ಹಿಡಿದು ನೋಡಿ, ಅಡಗಿಮನಿಗೆ ಆದ್ರ ಹೊಳಿಯೂ ಪ್ಲಾಸ್ಟಿಕ್ ಬ್ಯಾಡ, ಮ್ಯಾಟ್ ಮಾಡಸ್ರಿ ಎಂದರು. ನಾನು ಅನುವಾದ ಮಾಡುವ ಮೊದಲೇ ರಾಮೀರೊ ತಲೆಯಾಡಿಸಿದ. ಮಾವನವರು ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದರು. ಬಾಗಿಲ ಬಳಿಯ ಗುಂಡಿಗಳನ್ನು ಒತ್ತಿ ಅಲಾರ್ಮ್ ಆಫ್ ಮಾಡಿದರು. ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದು ನನ್ನ ಕೈಯಲ್ಲಿಟ್ಟರು.

"ನಡೀರಿ ಅಳಿಯಂದ್ರ, ಅಂಗಡಿ ಮುಚ್ಚೂದ್ರಾಗ ಹೋಗಿಬರೂಣು."

ಹೋಗಲೇನ್ರಿ ಎಂದು ಕೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟೆ.