ಭೂಮಿಯ ಆಚೆ ಬದಿಗೆ ನಾನೂರು ವಾಟ್

ಹೊಸದುರ್ಗದಿಂದ ಆ ಆಂಪ್ಲಿಫೈಯರ್ ತಾಳ್ಯದ ನಮ್ಮ ಮನೆಗೆ ಬಂದದ್ದು ಈರುಳ್ಳಿ ಚೀಲ ಸಾಗಿಸುವ ಗೂಡ್ಸ್ ಆಟೋದಲ್ಲಿ. ನನ್ನ ಗಂಡ ಮತ್ತು ಆಟೋದವನು ಸೇರಿ ಅದನ್ನು ಹೊತ್ತು ಪಡಸಾಲೆಗೆ ತಂದಿಳಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂದಿತ್ತು. ನಮ್ಮತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಅದರ ಸುತ್ತ ಒಂದು ಸುತ್ತು ಹಾಕಿದರು.

“ಏನವ್ವ ಇದು, ತಿಜೋರಿನಾ?”

“ರೇಡಿಯೋದು ಅತ್ತೆ. ನನ್ನ ದನಿ ದೂರ ಹೋಗೋ ಹಂಗೆ ಮಾಡ್ತೈತೆ.”

“ಈಗಿರೋ ದನಿನೇ ಹೊಲದ ತಂಕ ಕೇಳ್ತೈತಲ್ಲ,” ಎಂದು ಅವರು ಮತ್ತೆ ಅವರೆಕಾಯಿಯ ಮುಂದೆ ಕುಳಿತರು.

ನಾನು ಹೊಳಲ್ಕೆರೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹ್ಯಾಮ್ ರೇಡಿಯೋ ನನ್ನ ಹವ್ಯಾಸ. ಸರ್ಕಾರದ ಪರೀಕ್ಷೆ ಬರೆದು, ಚುಕ್ಕಿ-ಗೆರೆಯ ಮೋರ್ಸ್ ಸಂಕೇತ ಕಲಿತು, ಪರವಾನಗಿ ಪಡೆದು, ಮನೆಯಿಂದಲೇ ಬೇರೆ ದೇಶದ ಹವ್ಯಾಸಿಗಳ ಜೊತೆ ಮಾತಾಡುವುದು. ಮಧ್ಯೆ ಟವರ್ ಇಲ್ಲ, ಇಂಟರ್ನೆಟ್ ಇಲ್ಲ. ಹಳೆಯ ಬೋರ್‌ವೆಲ್ ಪೈಪಿನ ಕಂಬಕ್ಕೂ ಬೇವಿನ ಮರಕ್ಕೂ ನಡುವೆ ಕಟ್ಟಿದ ಒಂದು ತಂತಿಯೇ ನನ್ನ ಆಂಟೆನಾ. ನನ್ನ ಸೆಟ್ಟಿನ ಶಕ್ತಿ ನೂರು ವಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು. ಅಷ್ಟರಲ್ಲೇ ಜಪಾನು, ಇಟಲಿಯವರ ಜೊತೆಯೆಲ್ಲ ಮಾತಾಡಿದ್ದೆ. ಆದರೆ ನೂರಾರು ಜನ ಒಂದೇ ಸಲ ಒಬ್ಬರನ್ನು ಕರೆಯುವಾಗ ನನ್ನ ದನಿ ಸಂತೆಯಲ್ಲಿ ಪಿಸುಗುಟ್ಟಿದಂತೆ ಮುಳುಗಿಹೋಗುತ್ತಿತ್ತು. ಪರವಾನಗಿ ನಾನೂರು ವಾಟಿನವರೆಗೆ ಅವಕಾಶ ಕೊಡುತ್ತದೆ. ಆ ನಾನೂರನ್ನು ಕೊಡುವುದು ಈ ಪೆಟ್ಟಿಗೆ.

ಅದನ್ನು ಕಟ್ಟಿದವರು ಹೊಸದುರ್ಗದ ಒಬ್ಬ ಹಿರಿಯರು. ನನಗೆ ಮೋರ್ಸ್ ಕಲಿಸಿದ ಗುರುಗಳು. ವಯಸ್ಸಿನಲ್ಲಿದ್ದಾಗ ತಾವೇ ತಗಡು ಕತ್ತರಿಸಿ, ತಾವೇ ಟ್ರಾನ್ಸ್‌ಫಾರ್ಮರ್ ಸುತ್ತಿ ಮಾಡಿದ್ದು. ಒಳಗೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಎರಡು ಗಾಜಿನ ವಾಲ್ವ್, ಒಂದೊಂದೂ ಎಳೆ ಸೋರೆಕಾಯಿಯಷ್ಟು ದಪ್ಪ. ಅವಕ್ಕೆ ಎರಡು ಸಾವಿರ ವೋಲ್ಟ್ ಬೇಕು. ಈಚೆಗೆ ಅವರ ಕೈ ನಡುಗಲು ಶುರುವಾಗಿತ್ತು. ನಡುಗುವ ಕೈಗೂ ಎರಡು ಸಾವಿರ ವೋಲ್ಟಿಗೂ ಆಗಿಬರುವುದಿಲ್ಲ ಎಂದು ಅವರೇ ತೀರ್ಮಾನಿಸಿ, ವರ್ಷಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಒಂದು ದಿನ ಫೋನ್ ಮಾಡಿ, “ತಗಂಡೋಗಮ್ಮ. ಸುಮ್ನೆ ಕುಂತಿರಾದು ನೋಡಾಕಾಗಲ್ಲ,” ಎಂದರು.

ಕೊಡುವ ಮುಂಚೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು. ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಆಮೇಲೆ ಅರ್ಥ್ ತಂತಿ ಕಟ್ಟಿದ ಕೋಲಿನಿಂದ ಮುಟ್ಟಿ ಒಳಗೆ ಉಳಿದ ವಿದ್ಯುತ್ತನ್ನು ಇಳಿಸಬೇಕು. ಒಳಗೆ ಹೋಗುವುದು ಒಂದೇ ಕೈ, ಎರಡೂ ತಾಗಿದರೆ ವಿದ್ಯುತ್ತು ಎದೆಯನ್ನೇ ಹಾಯುತ್ತದೆ. “ಇನ್ನೊಂದ್ ಕೈ ಜೇಬ್ನಾಗಿರ್ಬೇಕು,” ಎಂದವರು ನನ್ನ ಸೀರೆ ನೋಡಿ ಸ್ವಲ್ಪ ಯೋಚಿಸಿ, “ಬೆನ್ನಿಂದೆ ಕಟ್ಕ,” ಎಂದರು. ಬಾಯಿಪಾಠ ಒಪ್ಪಿಸುವಂತೆ ನನ್ನಿಂದ ಎಲ್ಲವನ್ನೂ ಹೇಳಿಸಿದರು. ಹೊರಡುವಾಗ, ಈಸ್ಟರ್ ದ್ವೀಪವೊಂದನ್ನು ಬಿಟ್ಟು ತಾವು ಮಾತಾಡಬೇಕೆಂದಿದ್ದ ಎಲ್ಲ ಕಡೆಯನ್ನೂ ಇದರಲ್ಲಿ ಮುಟ್ಟಿರುವುದಾಗಿ ಹೇಳಿದರು.

ಈಸ್ಟರ್ ದ್ವೀಪದ ವಿಷಯ ನನಗೂ ಗೊತ್ತಿತ್ತು. ನಮ್ಮ ಚಿತ್ರದುರ್ಗದ ನೆಲದಿಂದ ಭೂಮಿಯ ನಡುವಿನ ಮೂಲಕ ಒಂದು ಸೂಜಿ ತೂರಿಸಿದರೆ ಅದು ಆಚೆ ಬದಿಯ ಸಮುದ್ರದಲ್ಲಿ ಹೊರಬರುತ್ತದೆ. ಆ ನೀರಿಗೆ ಹತ್ತಿರದ ನೆಲವೆಂದರೆ ಹೆಚ್ಚುಕಡಿಮೆ ಅದೇ, ದೊಡ್ಡ ಕಲ್ಲಿನ ಮುಖಗಳ ಆ ದ್ವೀಪ. ನಮಗೆ ಅದಕ್ಕಿಂತ ದೂರದ ಊರು ಭೂಮಿಯ ಮೇಲೆ ಇಲ್ಲವೆಂದೇ ಹೇಳಬೇಕು. ಅಲ್ಲಿಂದ ಮುಂದೆ ಹೋದರೆ ಮನೆಗೆ ವಾಪಸು ಬರುವ ದಾರಿ.

ಪೆಟ್ಟಿಗೆ ಬಂದ ವಾರದಲ್ಲೇ ಹ್ಯಾಮ್‌ಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹವ್ಯಾಸಿಗಳ ಒಂದು ತಂಡ ರೇಡಿಯೋ ಹೊತ್ತುಕೊಂಡು ಆ ದ್ವೀಪಕ್ಕೆ ಹೋಗುತ್ತಿದೆ, ಕೆಲವು ದಿನ ಇರುತ್ತದೆ. ನಾನು ಆ ಸಂಜೆಯೇ ಆಂಪ್ಲಿಫೈಯರಿನ ಸ್ವಿಚ್ ಹಾಕಿದೆ. ವಾಲ್ವುಗಳು ದೀಪದಂತೆ ಹೊತ್ತಿಕೊಂಡವು. ಆಮೇಲೆ ಎರಡು ಸಾವಿರ ವೋಲ್ಟಿನ ಸ್ವಿಚ್ ಮುಟ್ಟಿದೆ. ಒಳಗೆ ಚಟ್ ಎಂದಿತು, ಸುಟ್ಟ ವಾರ್ನಿಷ್ ವಾಸನೆ ಮನೆಯೆಲ್ಲ ತುಂಬಿತು. ನಮ್ಮತ್ತೆ ಒಲೆಯ ಮೇಲೆ ಏನೋ ಹೊತ್ತಿತೆಂದು ಅಡುಗೆಮನೆಗೆ ಓಡಿದರು.

ಟ್ರಾನ್ಸ್‌ಫಾರ್ಮರ್ ಹೋಗಿತ್ತು. ವರ್ಷಗಟ್ಟಲೆ ತೇವದ ಕೋಣೆಯಲ್ಲಿದ್ದು ಅದರ ತಂತಿ ಸುತ್ತುಗಳ ನಡುವೆ ಕಿಡಿ ಹಾರದಂತೆ ಇಟ್ಟ ಕಾಗದವೆಲ್ಲ ಸತ್ತಿತ್ತು. ಹಿರಿಯರಿಗೆ ಫೋನ್ ಮಾಡಿ ಹೇಳಿದೆ. “ನಾನ್ ಸುತ್ತಿದ್ದು ಅದು. ಹೋಗ್ಲಿ ಬಿಡಮ್ಮ, ಗುಜರಿಗೆ ಹಾಕು,” ಎಂದರು. ಆ ಮಾತೇ ನನ್ನನ್ನು ಎಬ್ಬಿಸಿತು. ಹಾಕುವುದಿಲ್ಲ ಎಂದು ಅವರಿಗೆ ಎದುರಾಡಿದೆ. ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಶನಿವಾರ ಕಾಲೇಜು ಮುಗಿಸಿ, ಗಂಡನ ಬೈಕಿನ ಹಿಂದೆ, ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಆ ಕಬ್ಬಿಣದ ಗಡ್ಡೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗಕ್ಕೆ ಹೋದೆ. ನಮ್ಮ ಬೋರ್ ಮೋಟರು ಸುಟ್ಟಾಗಲೆಲ್ಲ ಹೊಸ ತಂತಿ ಸುತ್ತಿಕೊಡುವ ಅಂಗಡಿಯೊಂದು ಅಲ್ಲಿದೆ. ಅಜ್ಜನ ಕಾಲದಿಂದ ಅದೇ ಕಸುಬಿನವರು. ಅಂಗಡಿಯವರನ್ನು ನಾವೆಲ್ಲ ಭಾಯಿ ಎನ್ನುತ್ತೇವೆ. ಅವರು ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಎಷ್ಟ್ ವೋಲ್ಟು ಮೇಡಂ?”

“ಎರಡು ಸಾವಿರ.”

“ಯಾ ಅಲ್ಲಾ. ನಾನ್ ಸುತ್ತೋದೆಲ್ಲ ಮೋಟ್ರು. ಇಷ್ಟ್ ವೋಲ್ಟು ನಾನ್ ಮುಟ್ಟಿಲ್ಲ.”

“ನಾನೂ ಮುಟ್ಟಿಲ್ಲ ಭಾಯಿ. ಲೆಕ್ಕ ನಾನ್ ಹಾಕ್ತೀನಿ. ಸುತ್ತೋದು ನೀವು.”

ಅವರು ನಕ್ಕರು. “ಕುಂತ್ಕಳ್ರಿ ಹಂಗಾದ್ರೆ. ಚಾ ಹೇಳ್ತೀನಿ.”

ಪ್ರತಿ ಸುತ್ತಿನ ಪದರದ ನಡುವೆ ಎಷ್ಟು ಕಾಗದ ಬೇಕು, ತುದಿಯ ತಂತಿಯನ್ನು ಎಲ್ಲಿಂದ ಹೊರಗೆ ತರಬೇಕು ಎಂದು ನಾನು ಚಿತ್ರ ಬರೆದು ಕೊಟ್ಟೆ. ಮೊದಲ ಸಲ ಸುತ್ತಿ ಪರೀಕ್ಷೆಗಿಟ್ಟಾಗ ಮೂಲೆಯಲ್ಲಿ ನೀಲಿ ಕಿಡಿ ಹಾರಿತು. ತುದಿಯನ್ನು ನಾನು ಹೇಳಿದ ಜಾಗದಿಂದ ತಂದರೆ ಅದು ಕಬ್ಬಿಣಕ್ಕೆ ತೀರಾ ಹತ್ತಿರವಾಗುತ್ತಿತ್ತು, ಅದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದರು. ವಾರ್ನಿಷ್ ಹಾಕಿ ಒಣಗಿಸುವ ಗೂಡಿನಲ್ಲಿ ಒಂದು ದಿನ ಸಾಲದು, ಎರಡು ದಿನ ಇಡೋಣ ಎಂದು ಅವರು ಹಟ ಹಿಡಿದರು. ನನಗೋ ಅವಸರ. ತಂಡ ಆಗಲೇ ದ್ವೀಪದಲ್ಲಿ ಇಳಿದಿತ್ತು.

ಅಷ್ಟು ದಿನವೂ ನಾನು ಸುಮ್ಮನಿರಲಿಲ್ಲ. ನಮಗೆ ಬೆಳಗು ಹರಿಯುವಾಗ ಅಲ್ಲಿ ಸಂಜೆ. ಆ ಎರಡೂ ಹೊತ್ತು ಕೂಡುವಾಗ ದೂರದ ಅಲೆಗಳು ಸರಾಗವಾಗಿ ಬರುತ್ತವೆ. ದಿನಾ ಬೆಳಗ್ಗೆ ಸೆಟ್ಟಿನ ಮುಂದೆ ಕುಳಿತರೆ ಆ ದ್ವೀಪದ ಗಂಡಸಿನ ದನಿ ಗೊಗ್ಗರಾಗಿ, ಆದರೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಕರೆಯುತ್ತಿದ್ದೆ. ಅವನು ಜಪಾನಿನವರಿಗೆ, ಯುರೋಪಿನವರಿಗೆ ಉತ್ತರ ಕೊಡುತ್ತಿದ್ದ. ನೂರು ವಾಟ್ ಅವನ ಕಿವಿಗೆ ಬೀಳಲಿಲ್ಲ. ಹೊತ್ತು ಏರಿದಂತೆ ಅವನ ದನಿ ಇಂಗಿಹೋಗುತ್ತಿತ್ತು. ನಾನು ಚಪಾತಿ ಡಬ್ಬಿ ಕಟ್ಟಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ.

ಭಾಯಿ ಫೋನ್ ಮಾಡಿ “ಬರ್ರಿ ಮೇಡಂ, ಆಗೈತೆ” ಎಂದ ದಿನ ಮಧ್ಯಾಹ್ನವೇ ಹೋಗಿ ತಂದೆವು. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲೇ ಜೋಡಿಸಿದೆ. ನನ್ನ ಗಂಡ ಮನೆಯ ಕರೆಂಟ್ ಮೀಟರಿನಿಂದ ನೇರವಾಗಿ ದಪ್ಪ ವೈರು ಎಳೆದುಕೊಟ್ಟರು. ಸ್ವಿಚ್ ಹಾಕಿದಾಗ ಪೆಟ್ಟಿಗೆಯ ಮೀಟರಿನ ಮುಳ್ಳು ಎದ್ದು ಎರಡು ಸಾವಿರದ ಮೇಲೆ ನಿಂತಿತು. ವಾಸನೆ ಇಲ್ಲ, ಸದ್ದಿಲ್ಲ. ಒಳಗಿನ ಫ್ಯಾನು ಮಾತ್ರ ಗುಂಯ್ಗುಡುತ್ತಿತ್ತು.

ಮರುದಿನ ಬೆಳಗ್ಗೆ ಮೊದಲ ಸಲ ಪೂರ್ತಿ ಶಕ್ತಿಯಲ್ಲಿ ಕರೆದೆ. ನಾಲ್ಕು ಸಲ ಕರೆಯುವುದರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತಿದ್ದರು.

“ಅಕ್ಕಾ, ನೀವೇನ್ರಿ ಕೂಗ್ತಿರಾದು? ನಮ್ ಹೋಮ್ ಥಿಯೇಟ್ರು ಸ್ಪೀಕರ್ನಾಗೆ ಸುಪ್ರಭಾತದ ಮಧ್ಯೆ ಬಾತುಕೋಳಿ ಒದರ್ದಂಗೆ ಬರ್ತೈತೆ. ನಮ್ ಯಜಮಾನ್ರು ಸ್ಪೀಕರ್ ಕೆಡ್ತು ಅಂತ ಬಡೀತಾವ್ರೆ.”

ನಾನು ಆಫ್ ಮಾಡಿ ಅವರ ಮನೆಗೆ ಹೋದೆ. ಸ್ಪೀಕರಿನ ಉದ್ದ ವೈರೇ ನನ್ನ ಅಲೆಗಳನ್ನು ಹಿಡಿಯುತ್ತಿತ್ತು. ಅದನ್ನು ತಡೆಯಲು ಫೆರೈಟ್ ಎಂಬ ಕಪ್ಪು ಉಂಗುರಗಳಿರುತ್ತವೆ, ವೈರನ್ನು ಅವಕ್ಕೆ ಸುತ್ತಿದರೆ ಸಾಕು. ನನ್ನ ಹತ್ತಿರ ಇದ್ದವನ್ನೆಲ್ಲ ತಂದು ಅವರ ಸ್ಪೀಕರಿಗೂ ನಮ್ಮತ್ತೆಯ ಟೀವಿಗೂ ಸುತ್ತಿದೆ. ಪಕ್ಕದ ಮನೆಯಾಕೆ ಹಾಡು ಹಾಕಿಕೊಂಡು ಕುಳಿತರು, ನಾನು ನಮ್ಮ ಮನೆಗೆ ಬಂದು ಮಾತಾಡಿದೆ. ಗೋಡೆಯಾಚೆಯಿಂದ “ಈಗ ಇಲ್ಲ ಕಣ್ರಿ” ಎಂಬ ದನಿ ಬಂತು. ಅಷ್ಟರಲ್ಲಿ ದ್ವೀಪದ ದನಿಯೂ ಇರಲಿಲ್ಲ. ಹೊತ್ತೇರಿತ್ತು. ತಂಡ ಹೊರಡಲು ಉಳಿದದ್ದು ಒಂದೇ ಬೆಳಗು.

ಹೊಸದುರ್ಗಕ್ಕೆ ಫೋನ್ ಮಾಡಿದೆ. “ಸರ್, ನಿಮ್ಮ ಪೆಟ್ಟಿಗೆ ಎದ್ದೈತೆ. ಸಂಜೆ ಬಸ್ಸಿಗೆ ಬಂದುಬಿಡಿ.”

“ನಾನ್ ಬಂದ್ ಏನ್ ಮಾಡ್ಲಮ್ಮ?”

“ಕುಂತ್ಕಳ್ಳಿ ಸಾಕು.”

ಬಂದರು. ಬೆಳಗ್ಗೆ ಕಾಗೆ ಕೂಗುವ ಹೊತ್ತಿಗೆ ನಾವಿಬ್ಬರೂ ಸೆಟ್ಟಿನ ಮುಂದಿದ್ದೆವು. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು, ನಮ್ಮತ್ತೆ ಕಾಫಿ ಲೋಟ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದರು. ವಾಲ್ವುಗಳ ಬೆಳಕು ಜಾಲರಿಯಿಂದ ತೂರಿ ಹಿರಿಯರ ಬಿಳಿ ಷರ್ಟಿನ ಮೇಲೆ ಬಿದ್ದಿತ್ತು. ಪೂರ್ತಿ ಶಕ್ತಿ ಆಂಟೆನಾಕ್ಕೆ ಹೋಗಲು ಆಂಪ್ಲಿಫೈಯರಿನ ಎರಡು ತಿರುಗಿಸುವ ಗುಂಡಿಗಳನ್ನು ಒಂದಕ್ಕೊಂದು ಹೊಂದಿಸುತ್ತಾ ಹೋಗಬೇಕು, ಮುಳ್ಳು ತಗ್ಗಿ ತಳಮುಟ್ಟಿದ ಕಡೆ ನಿಲ್ಲಿಸಬೇಕು. ನಾನು ತಿರುಗಿಸುತ್ತಿದ್ದೆ, ಅವರು ಮೀಟರನ್ನೇ ನೋಡುತ್ತಾ “ಇನ್ನೊಂಚೂರು… ಸಾಕು” ಎನ್ನುತ್ತಿದ್ದರು.

ದ್ವೀಪದ ದನಿ ಬಂತು. ಅದರ ಮೇಲೆ ಜಗತ್ತೆಲ್ಲ ಮುಗಿಬಿದ್ದಿತ್ತು. ಒಂದು ಸಣ್ಣ ಸಂದು ಸಿಕ್ಕಿದ ಕೂಡಲೇ ನನ್ನ ಕರೆಸಂಕೇತ, ಅಂದರೆ ದೇಶವೂ ತಿಳಿಯುವಂತೆ ಪರವಾನಗಿಯ ಜೊತೆ ಕೊಡುವ ಅಕ್ಷರಗಳ ಗುರುತು, ಹೇಳಿದೆ. ಇಲ್ಲ. ಮತ್ತೆ ಹೇಳಿದೆ. ಅವನು ಯಾರಿಗೋ ಉತ್ತರ ಕೊಟ್ಟ. ಬಯಲ ಕಡೆ ಕೆಂಪು ಏರುತ್ತಿತ್ತು. ಮೂರನೆಯ ಸಲ ಗಂಟಲು ಬಿಚ್ಚಿ ಹೇಳಿದೆ.

ಒಂದು ಗಳಿಗೆ ಬರೀ ಗೊರಗೊರ. ಆಮೇಲೆ ಅವನು ಎಲ್ಲರಿಗೂ ಸುಮ್ಮನಿರಿ ಎಂದು, ಇಂಡಿಯಾದ ಸ್ಟೇಷನ್ ಮತ್ತೆ ಕರೆಯಲಿ ಎಂದ.

ನನ್ನ ಕರೆಸಂಕೇತವನ್ನು ಒಂದೊಂದೇ ಅಕ್ಷರವಾಗಿ ಹೇಳಿದೆ. ಅವನು ಅದನ್ನು ತಪ್ಪಿಲ್ಲದೆ ಹಿಂದಕ್ಕೆ ಹೇಳಿ, ಫೈವ್ ನೈನ್ ಎಂದ. ರೇಡಿಯೋದಲ್ಲಿ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಜೋರಾಗಿ, ಸ್ವಚ್ಛವಾಗಿ ಕೇಳುತ್ತಿದೆ ಎಂದರ್ಥ. ನಾನೂ ಅದನ್ನೇ ಅವನಿಗೆ ಹೇಳಿದೆ, ಧನ್ಯವಾದ ಹೇಳಿದೆ. ಮಾತಾಡಲು ಒತ್ತಿಹಿಡಿದಿದ್ದ ಮೈಕಿನ ಗುಂಡಿಯನ್ನು ಬಿಟ್ಟೆ. ನಗು ತಡೆಯಲು ಆಗಲಿಲ್ಲ, ತಡೆಯಲೂ ಇಲ್ಲ.

ಹಿರಿಯರು ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಮೈಕನ್ನು ಅವರ ಮುಂದೆ ಸರಿಸಿದೆ. ಅವರ ಪರವಾನಗಿ ಇನ್ನೂ ಚಾಲ್ತಿಯಲ್ಲಿತ್ತು.

“ಬ್ಯಾಡಮ್ಮ. ಕೈ ಇಂಗೈತೆ.”

“ಕೈ ನಂದು ಸರ್. ಗುಂಡಿ ನಾನ್ ಒತ್ತತೀನಿ. ಮಾತು ನಿಮ್ದು.”

ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಗುಂಡಿ ಒತ್ತಿದೆ. ಅವರು ಮಾತಾಡಿದಾಗ ನಾನು ಅವರತ್ತ ತಿರುಗಿ ನೋಡಿದೆ. ಕೈಯ ನಡುಕದ ಸುಳಿವೂ ಆ ದನಿಯಲ್ಲಿರಲಿಲ್ಲ. ಮೇಷ್ಟ್ರು ಹಾಜರಿ ಕರೆದಂತೆ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಬಂತು. ಮೀಟರಿನ ಮುಳ್ಳು ಅವರ ಮಾತಿಗೆ ತಕ್ಕ ಹಾಗೆ ಕುಣಿಯುತ್ತಿತ್ತು. ಎರಡನೆಯ ಸಲಕ್ಕೇ ಉತ್ತರ ಬಂತು. ಆ ದ್ವೀಪದವನು ಅವರ ಸಂಕೇತ ಹೇಳಿ, ಫೈವ್ ನೈನ್ ಎಂದು, ಒಂದೇ ಹೊತ್ತಿಗೆ ಇಂಡಿಯಾದಿಂದ ಇಬ್ಬರು ಸಿಕ್ಕರಲ್ಲ ಎಂದು ಆಶ್ಚರ್ಯಪಟ್ಟ. ಅವರು ವಿಧಿವತ್ತಾಗಿ ವಂದನೆ ಹೇಳಿ ಮುಗಿಸಿದರು. ನಾನು ಗುಂಡಿ ಬಿಟ್ಟೆ.

“ಬಂತಲ್ಲ,” ಎಂದರು. ಅಷ್ಟೇ. ಆಮೇಲೆ ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ನಮ್ಮತ್ತೆ ಹೊಸ್ತಿಲಿನಿಂದ ಕೇಳಿದರು, “ಏನಂದ ಅವನು?”

“ಚೆನ್ನಾಗ್ ಕೇಳ್ತೈತೆ ಅಂದ ಅತ್ತೆ.”

“ಅಷ್ಟು ದೂರಕ್ಕೆ?”

“ಅದಕ್ಕಿಂತ ದೂರ ಇಲ್ಲ.”

ಅತ್ತೆ ಒಳಗೆ ಹೋಗಿ ಹಿರಿಯರಿಗೆ ಎರಡನೆಯ ಲೋಟ ಕಾಫಿ ತಂದು, ಅವರ ಕೈಗೆ ಕೊಡದೆ ಮೇಜಿನ ಮೇಲೆ, ಕೈಗೆ ಸಿಗುವ ಹಾಗೆ ಇಟ್ಟರು.

ನಾನು ಚಿತ್ರದುರ್ಗಕ್ಕೆ ಫೋನ್ ಮಾಡಿದೆ. ಭಾಯಿ ಅಂಗಡಿಯ ಷಟರ್ ಎತ್ತುತ್ತಿದ್ದರು, ಅದರ ಗಡಗಡ ಸದ್ದು ಕೇಳುತ್ತಿತ್ತು. ಭೂಮಿಯ ಆಚೆ ಬದಿ ಮುಟ್ಟಿತು ಎಂದೆ.

“ಮಾಶಾಲ್ಲಾ. ಟ್ರಾನ್ಸ್‌ಫಾರ್ಮರ್ ಬಿಸಿ ಆಗೈತಾ?”

“ಉಗುರುಬೆಚ್ಚಗೈತೆ.”

“ಹಂಗಾದ್ರೆ ಇನ್ನು ಇಪ್ಪತ್ ವರ್ಷ ನೋಡಂಗಿಲ್ಲ ಬಿಡ್ರಿ.” ಪಕ್ಕದಲ್ಲಿದ್ದ ಯಾರಿಗೋ ಉರ್ದುವಿನಲ್ಲಿ ಸುದ್ದಿ ಹೇಳುವುದು ಕೇಳಿಸಿತು, ಇಬ್ಬರೂ ನಕ್ಕರು.

ಹಿರಿಯರನ್ನು ನನ್ನ ಗಂಡ ಬಸ್ಸಿಗೆ ಬಿಡಲು ಹೋದರು. ನಾನು ಬೇಗ ಬೇಗ ಸೀರೆ ಉಟ್ಟು ಕಾಲೇಜಿಗೆ ಹೊರಟೆ. ಅಷ್ಟು ದಿನ ಕರೆದು ಕರೆದು ಗಂಟಲು ಕಟ್ಟಿತ್ತು. ಮೊದಲನೇ ಅವಧಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಿಮ್ ವಾಯ್ಸು ಕೇಳ್ತಾ ಇಲ್ಲ,” ಎಂದಳು. ನನಗೆ ಬಂದ ನಗು ನೋಡಿ ತರಗತಿಯೂ ನಗಲು ಶುರುಮಾಡಿತು, ಯಾಕೆಂದು ಅವರಿಗೆ ಗೊತ್ತಿಲ್ಲದಿದ್ದರೂ. ಪಾಠವನ್ನು ಬದಿಗಿಟ್ಟು, ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಬರೆದು, ಬೆಳಗಿನ ಕಥೆ ಹೇಳತೊಡಗಿದೆ.