ಬಲದಿಂದ ಓದಿದ ಪಠ್ಯಕ್ರಮ

ಅಮರಪ್ಪ ಮಾಸ್ತರರಿಗೆ ಸಿಟ್ಟು ಬರುವುದೇ ಅಪರೂಪ, ಬಂದರೆ ಇಳಿಯುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಬಂದ ಒಂದು ಸಿಟ್ಟಂತೂ ಸಾಯುವ ತನಕ ಅವರ ಮೂಗಿನ ತುದಿಯಲ್ಲೇ ಕೂತಿತ್ತು. ಬರಬೇಕಾದ ಸಿಟ್ಟೇ ಬಿಡಿ, ಕೇಳಿದರೆ ನಿಮಗೂ ಬರುತ್ತದೆ.

ಹನುಮಸಾಗರದಲ್ಲಿ ಅವರು ಒಂದು ಖಾಸಗಿ ಕನ್ನಡ ಸಾಲೆ ತೆರೆದರು. ಸರ್ಕಾರಿ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಅವ್ವನ ಜೊತೆ ಕನ್ನಡ ಮಾತಾಡಿ ಬಂದ ಕೂಸು ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿತ್ತು. ಖಾಸಗಿ ಸಾಲೆಗೆ ಮಂಜೂರಿ ಬೇಕೆಂದರೆ ವರ್ಷದ ಪಠ್ಯಕ್ರಮ ಬರೆದು ಕುಷ್ಟಗಿಯ ಕಚೇರಿಗೆ ಕೊಡಬೇಕು. ಬೇರೆಯವರು ಯಾವುದೋ ಪುಸ್ತಕಗಳ ಹೆಸರು ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಅಮರಪ್ಪ ಹಾಗಲ್ಲ. ನಾವು ಏನು ಕಲಿಸುತ್ತೇವೆ ಎಂಬುದು ಯಾರಿಗೆ ಬೇಕು, ಕಲಿತ ಕೂಸಿನ ಕೈಲಿ ಏನಾಗಬೇಕು ಎಂಬುದನ್ನು ಬರೆಯಬೇಕು ಎಂದು ಅವರ ಹಟ.

ಅಗಲ ಹಾಳೆಯ ಮೇಲೆ ಉದ್ದುದ್ದ ಗೆರೆ ಎಳೆದು ಮನೆ ಮಾಡಿದರು. ಎಡಗಡೆಯ ಮನೆಯಲ್ಲಿ, ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತೀಡುವುದು. ನಡುವಿನದರಲ್ಲಿ, ಮನೆಮಂದಿಯ ಹೆಸರು, ಸಂತೆಯ ಸಾಮಾನಿನ ಹೆಸರು ಓದುವುದು. ಬಲತುದಿಯಲ್ಲಿ, ಪರವೂರಿನ ನೆಂಟರಿಗೆ ಕೂಸು ತಾನೇ ಒಂದು ಕಾಗದ ಬರೆಯುವುದು. ಯಾವುದು ಮೊದಲು, ಯಾವುದು ಕೊನೆಗೆ ಎಂದು ಮೇಲೆ ಬರೆಯಲಿಲ್ಲ. ಎಡಗಡೆಯದು ಮೊದಲು ಎಂದು ಬೇರೆ ಹೇಳಬೇಕೇ?

ಹೇಳಬೇಕಿತ್ತು. ಕಚೇರಿಯಲ್ಲಿ ಅದನ್ನು ಉರ್ದುವಿಗೆ ಇಳಿಸಿದ ಮುನ್ಶಿ ಗಾಳೆಪ್ಪ ನಮ್ಮವನೇ, ಮನೆಯಲ್ಲಿ ಕನ್ನಡ ಮಾತಾಡುವವನೇ. ಆದರೆ ಬಲದಿಂದ ಎಡಕ್ಕೆ ಉರ್ದು ಬರೆದು ಬರೆದು ಅವನ ಕಣ್ಣು ಹಾಳೆಯ ಬಲತುದಿಗೇ ಮೊದಲು ಹೋಗುತ್ತಿತ್ತು. ಕಾಗದ ಬರೆಯುವ ಮನೆಗೆ ‘ಮೊದಲ ಅವಧಿ’ ಎಂದು ಹೆಸರು ಕೊಟ್ಟ. ಅಕ್ಷರ ತೀಡುವುದನ್ನು ವರ್ಷದ ಕೊನೆಗೆ ಇಟ್ಟ. ಅದರ ಮೇಲೆ ಸಹಿ ಬಿತ್ತು, ಮೊಹರು ಬಿತ್ತು, ಹುಕುಂ ಆಗಿ ಹನುಮಸಾಗರಕ್ಕೆ ಬಂತು.

ಅಮರಪ್ಪ ಅದನ್ನು ಹಿಡಿದುಕೊಂಡು ಕುಷ್ಟಗಿಗೆ ಹೋದರು.

“ಗಾಳೆಪ್ಪ, ಕಾಗದ ಬರದ ಮ್ಯಾಲ ಅಕ್ಷರ ಕಲೀತಾರೇನೋ?”

ಗಾಳೆಪ್ಪ ಅತ್ತಿತ್ತ ನೋಡಿ ದನಿ ಇಳಿಸಿದ. “ತಪ್ಪಾಗೇತ್ರಿ ಮಾಸ್ತರ, ಇಲ್ಲ ಅನ್ನಂಗಿಲ್ಲ. ಆದ್ರ ಮೊಹರು ಬಿದ್ದೈತಿ. ಈಗ ತಿದ್ದಾಕ ಹೋದ್ರ ನನ್ನ ನೌಕರಿ ಹೊಕ್ಕೈತಿ. ಮುಂದಿನ ವರ್ಷ ಹೊಸಾದು ಬರದು ಕೊಡ್ರಿ.”

ನೋಡಿ, ಒಂದು ಮೊಹರಿನ ಮರ್ಯಾದೆಗೆ ಮಕ್ಕಳ ಒಂದು ವರ್ಷ ಸಾಟಿಯಂತೆ! ಅಮರಪ್ಪ ಹುಕುಮನ್ನು ಗೂಟಕ್ಕೆ ಸಿಕ್ಕಿಸಿ, ತಮ್ಮ ಕ್ರಮದಲ್ಲೇ ಪಾಠ ಮಾಡಿದರು.

ಮಕ್ಕಳಲ್ಲಿ ಮಾರೆವ್ವ ಚುರುಕು. ಕೂಲಿಗೆ ಹೋಗುವ ಮಾರೆಪ್ಪನ ಮಗಳು. ಸಾಲೆಗೆ ಹಾಕುವಾಗಲೇ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: “ಒಂದು ವರ್ಷ ನೋಡತೀನ್ರಿ. ಪಾಸ್ ಮಾಡಿ ಎರಡನೇ ಇಯತ್ತೆಗೆ ಹಾಕಿದ್ರ ಓದಲಿ. ಇಲ್ಲಾಂದ್ರ ನಮ್ಮ ಜೋಡಿ ಕಳೇವು ತಗೀಲಿ.”

ಬೇಸಿಗೆಗೆ ಇನ್ಸ್‌ಪೆಕ್ಟರ್ ಸಾಹೇಬರು ಪರೀಕ್ಷೆ ಮಾಡಲು ಬಂದರು. ಹಿಂದೆ ಕಾಗದದ ಗಂಟು ಹಿಡಿದು ಗಾಳೆಪ್ಪ. ಮಾರೆವ್ವ ಪಾಟಿಯ ಮೇಲೆ ಯಲಬುರ್ಗಿಯ ಚಿಕ್ಕವ್ವನಿಗೆ ಕಾಗದ ಬರೆದಿದ್ದಳು. ಎಮ್ಮೆ ಈದಿದೆ, ಗಿಣ್ಣ ತಿನ್ನಲು ಬಾ ಎಂದು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಸಾಹೇಬರು ಪಾಟಿಯ ಕಡೆ ನೋಡಲಿಲ್ಲ, ಹುಕುಂ ನೋಡಿದರು.

“ಕಾಗದದ ಪಾಠ ವರ್ಷದ ಸುರುವಿಗೇ ಮುಗದೈತಿ. ಈಗಿನ ಪಾಠ ಅಕ್ಷರ. ‘ಅ’ ಬರಿ.”

ಅವಳು ಒಮ್ಮೆ ಮಾಸ್ತರರ ಮುಖ ನೋಡಿದಳು. ಕಾಗದ ಅಳಿಸಿ ‘ಅ’ ಬರೆದಳು. ಸಾಹೇಬರು ತಲೆಯಾಡಿಸಿ ಷರಾ ಬರೆದರು: ಮಕ್ಕಳು ಈಗಷ್ಟೇ ಅಕ್ಷರ ಕಲಿತಿದ್ದಾರೆ, ಎರಡನೇ ಇಯತ್ತೆಗೆ ಲಾಯಕ್ಕಿಲ್ಲ.

ಅಮರಪ್ಪನವರ ಮೈಯೆಲ್ಲ ಉರಿಯಿತು. “ಸಾಹೇಬ್ರ, ಈಗ ಕಾಗದ ಬರದ ಕೈರಿ ಅದು. ಪಾಟಿ ನೋಡಬೇಕಿತ್ತು.”

“ನಾವು ಹುಕುಂ ನೋಡತೀವಿ. ಪಾಟಿ ಅಲ್ಲ.”

“ಹುಕುಂ ಓದಾಕ ಬರತೈತಿ, ಕೂಸು ಬರದದ್ದು ಓದಾಕ ಬರಂಗಿಲ್ಲ. ಹಂಗಾದ್ರ ನಿಮ್ಮನ್ನ ಯಾವ ಇಯತ್ತೆಗೆ ಹಾಕಬೇಕ್ರಿ?”

ಸಾಹೇಬರು ಷರಾದ ಕೆಳಗೆ ಇನ್ನೊಂದು ಸಾಲು ಬರೆದರು: ಮಾಸ್ತರ ಉದ್ಧಟ. ಬಾಯಿ ಬಿಟ್ಟು ಒಂದು ಮಾತು ಹೇಳಬೇಕಾದ ಗಾಳೆಪ್ಪ ನೆಲ ನೋಡುತ್ತ ನಿಂತಿದ್ದ. ಅವನ ನೌಕರಿ ಉಳಿಯಿತು.

ಮರುದಿನ ಮಾರೆವ್ವ ಬರಲಿಲ್ಲ. ಅಮರಪ್ಪ ಅವರ ಮನೆಗೆ ಹೋಗಿ ಪರಿಪರಿಯಾಗಿ ಹೇಳಿದರು. ಮಾರೆಪ್ಪ ಸಿಟ್ಟಾಗಲಿಲ್ಲ, ಕೈ ಮುಗಿದ. “ಆಕೀಗೆ ಬರತೈತಿ ಅಂತ ನೀವು ಅಂತೀರಿ. ಇಲ್ಲ ಅಂತ ಸರ್ಕಾರ ಅಂತೈತಿ. ಓದಾಕ ಬರದವ ನಾನು ಯಾರ ಮಾತು ನಂಬಲಿ?” ಮಾರೆವ್ವ ಕಳೆ ಕೀಳುವ ಕುರ್ಚಿಗೆಯನ್ನು ಹಿಡಿದು ಅಪ್ಪನ ಹಿಂದೆ ಹೊಲಕ್ಕೆ ಹೋದಳು.

ಇದಾಗಿ ಹತ್ತು ಹನ್ನೆರಡು ವರ್ಷಕ್ಕೆ, ನಿಜಾಮರ ಆಡಳಿತ ಮುಗಿದ ಮರುವರ್ಷ, ಕೊಪ್ಪಳದಲ್ಲಿ ಹೊಸ ಪಠ್ಯಕ್ರಮ ಬರೆಯಲು ಮಾಸ್ತರರನ್ನೆಲ್ಲ ಕರೆದರು. ಅಮರಪ್ಪ ಈ ಸಲ ಗೆರೆ ಎಳೆಯಲಿಲ್ಲ, ಮನೆ ಮಾಡಲಿಲ್ಲ. ಒಂದರ ಕೆಳಗೆ ಒಂದು ಬರೆದುಕೊಂಡು ಹೋದರು.

ಎಳೆಯ ಅಧಿಕಾರಿಯೊಬ್ಬ ಬಗ್ಗಿ ನೋಡಿ ಕೇಳಿದ. “ಎಲ್ಲಾರೂ ಮನಿ ಹಾಕ್ಯಾರ. ನೀವ್ಯಾಕ ಹಾಕಿಲ್ರಿ?”

“ಎಡಕಿಂದ ಓದಲಿ, ಬಲಕಿಂದ ಓದಲಿ, ಮ್ಯಾಲಿಂದು ಮ್ಯಾಲ ಇರತೈತಿ. ಮನಿ ಹಾಕಿದ ವರ್ಷ ಒಬ್ಬ ಹುಡುಗೀನ್ನ ಕಳಕೊಂಡೀನಿ.”

ಅಧಿಕಾರಿಯ ಬೆರಳು ಹಾಳೆಯ ಎಲ್ಲಕ್ಕಿಂತ ಮೇಲಿನ ಸಾಲಿಗೆ ಹೋಯಿತು. ನಾಪಾಸೆಂದು ಹಿಂದೆ ಮನೆಗೆ ಕಳಿಸಿದವರು ತಿರುಗಿ ಬಂದರೆ, ವಯಸ್ಸು ಕೇಳದೆ ಎರಡನೇ ಇಯತ್ತೆಯಲ್ಲಿ ಕೂಡಿಸಬೇಕು ಎಂದಿತ್ತು ಅದು.

“ಇದು ಪಠ್ಯಕ್ರಮ ಅಲ್ರಿ ಮಾಸ್ತರ. ಇದನ್ನ ತಗದುಬಿಡ್ರಿ.”

“ನೀವ ತಗೀರಿ,” ಎಂದು ಅಮರಪ್ಪ ಲೇಖನಿಯನ್ನು ಅವನ ಮುಂದೆ ಚಾಚಿದರು. “ತಗದ ಮ್ಯಾಲ ಹನುಮಸಾಗರಕ್ಕ ಹೋಗ್ರಿ. ಮಾರೆವ್ವ ಅಂತ ಒಬ್ಬಾಕಿ ಬಗಲಾಗ ಕೂಸು ಕಟಗೊಂಡು ಕಳೇವು ತಗ್ಯಾಕ ಹತ್ಯಾಳ. ಯಾಕ ತಗದ್ರಿ ಅಂತ ಆಕೀಗೆ ನೀವ ಹೇಳ್ರಿ.”

ಅಧಿಕಾರಿ ಲೇಖನಿ ಮುಟ್ಟಲಿಲ್ಲ.